ನಾಳಿನ ವಿದ್ಯಾಪೀಠಗಳಲ್ಲಿ ಗ್ರಂಥಾಲಯದ ಸ್ಥಾನ

ಕಳೆದ ವರ್ಷ ಒಂದು ಶನಿವಾರ ನಮ್ಮ ಶಾಲೆಯ ವಾಚನಾಲಯದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಅವನ ಅಣ್ಣನು ಆಂಧ್ರಪ್ರದೇಶದ ವಿಶಾಖಪಟ್ಟಣದ ಬಳಿ ಋಷಿಕೊಂಡವೆಂಬ ಸ್ಥಳದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವನು. "ಅಣ್ಣ ಅಲ್ಲಿ ಸೇರಿ ಮೂರು ವರ್ಷವಾಯಿತು ಸಾರ್. ಗ್ರಂಥಾಲಯದಿಂದ ಒಂದು ಪುಸ್ತಕವನ್ನೂ ಎರವಲು ತಂದಿಲ್ಲವಂತೆ. ಬೇಕಾದುದೆಲ್ಲ ಲ್ಯಾಪ್‌ಟಾಪಿನಲ್ಲೇ ಸಿಗುತ್ತದಂತೆ. ಹಾಗಾದರೆ ಕಾಲೇಜಿಗೆ ಗ್ರಂಥಾಲಯ ಏತಕ್ಕೆ ಸಾರ್?" ಎಂದನು. ಪ್ರಶ್ನೆಯಲ್ಲಿ ತುಂಟತನವಿರಲಿಲ್ಲ. ಪುಸ್ತಕಗಳ ನಡುವೆಯೇ ಮೂವತ್ತು ವರ್ಷ ಕಳೆದ ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯದೆ ಹೋದದ್ದು ಸ್ವಲ್ಪ ನಾಚಿಕೆಯ ಸಂಗತಿಯೇ ಸರಿ. "ಯೋಚಿಸಿ ಹೇಳುತ್ತೇವೆ" ಎಂದು ಅವನನ್ನು ಕಳುಹಿಸಿಕೊಟ್ಟೆವು. ತಡವಾಗಿ ಬರುತ್ತಿರುವ ಆ ಉತ್ತರವೇ ಈ ಲೇಖನ. ಇನ್ನೆರಡು ಮೂರು ವರ್ಷಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಲಿರುವ ನಿಮ್ಮೆಲ್ಲರಿಗೂ ಇದು ಸಂಬಂಧಪಟ್ಟ ವಿಷಯವಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಮೊದಲು ಸ್ಥಳದ ಪರಿಚಯ. ಋಷಿಕೊಂಡವೆಂದರೆ ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಭಕ್ತರು ಹಾಯುವ ಕೆಂಡದ ಕೊಂಡವಲ್ಲ. ತೆಲುಗಿನಲ್ಲಿ ಕೊಂಡವೆಂದರೆ ಬೆಟ್ಟ. ವಿಶಾಖಪಟ್ಟಣದಿಂದ ಕಡಲ ಅಂಚಿನಲ್ಲೇ ಭೀಮುನಿಪಟ್ಟಣದ ಕಡೆಗೆ ಸಾಗುವ ದಾರಿಯಲ್ಲಿ, ಬಂಗಾಳ ಕೊಲ್ಲಿಗೆ ಮುಖ ಮಾಡಿ ನಿಂತ ಕೆಂಪು ಮಣ್ಣಿನ ಬೆಟ್ಟವೂ ಅದರ ಕೆಳಗಿನ ಮರಳ ತೀರವೂ ಸೇರಿ ಈ ಹೆಸರನ್ನು ಪಡೆದಿವೆ. ಇಲ್ಲಿ 1980ರಲ್ಲಿ ಸ್ಥಾಪಿತವಾದ ಗೀತಂ ಎಂಬ ಖಾಸಗಿ ವಿದ್ಯಾಸಂಸ್ಥೆಯು 2007ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆಯನ್ನು ಪಡೆಯಿತು. ನಮ್ಮ ದೊಡ್ಡಬಳ್ಳಾಪುರದ ಬಳಿಯೂ ಅದರದೊಂದು ಶಾಖೆಯಿರುವುದರಿಂದ ಹೆಸರು ನಿಮ್ಮಲ್ಲಿ ಕೆಲವರಿಗೆ ಪರಿಚಿತವಾಗಿರಬಹುದು. ಅಲ್ಲಿಯ ಗ್ರಂಥಾಲಯವನ್ನು ಗ್ರಂಥಾಲಯವೆಂದು ಕರೆಯುವುದಿಲ್ಲ. ಜ್ಞಾನ ಸಂಪನ್ಮೂಲ ಕೇಂದ್ರವೆಂಬ ಅರ್ಥದ ಇಂಗ್ಲೀಷ್ ಹೆಸರು ಅದಕ್ಕಿದೆ. ಇದು ಅವರೊಬ್ಬರ ಪದ್ಧತಿಯಲ್ಲ. ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ಈಚೆಗೆ ಗ್ರಂಥ ಎಂಬ ಮಾತು ಬಾಗಿಲಿನ ಹಲಗೆಯಿಂದ ಜಾರಿಹೋಗಿದೆ. ಹೆಸರು ಬದಲಾದುದಕ್ಕೆ ನಾವು ವ್ಯಥೆಪಡಬೇಕಾಗಿಲ್ಲ. ಹೆಸರಿನೊಡನೆ ಕೆಲಸವೂ ಬದಲಾಯಿತೇ ಎಂಬುದನ್ನು ಮಾತ್ರ ನೋಡಬೇಕು.

ಆ ಸೀಮೆಗೆ ಗ್ರಂಥಾಲಯವು ಹೊಸದಲ್ಲ. ವಿಶಾಖಪಟ್ಟಣದಲ್ಲಿಯೇ ಆಂಧ್ರ ವಿಶ್ವವಿದ್ಯಾನಿಲಯವಿದೆ. ಅದು 1926ರಲ್ಲಿ ಹುಟ್ಟಿದ್ದು ಅಲ್ಲಲ್ಲ, ಕೃಷ್ಣಾ ನದಿಯ ದಡದ ಬೆಜವಾಡೆಯಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಸ್ಥಳಾಂತರ ಹೊಂದಿತು. ಅದರ ಮೊದಲನೆಯ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಅನಂತರ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಕೆಲಸ ಮಾಡಿದವರು. 1931ರಲ್ಲಿ ಅವರ ತರುವಾಯ ಆ ಪೀಠಕ್ಕೆ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ನರೂ ಅದೇ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದವರೇ. ಮೈಸೂರಿನ ಒಂದೇ ಕಾಲೇಜಿನ ಇಬ್ಬರು ಗುರುಗಳು ದೂರದ ಕಡಲತೀರದ ವಿದ್ಯಾಪೀಠವೊಂದನ್ನು ಒಬ್ಬರಾದ ಮೇಲೊಬ್ಬರು ನಡೆಸಿದರೆಂಬುದು ಕನ್ನಡ ಮಕ್ಕಳಾದ ನಮಗೆ ಸಂತೋಷದ ವಿಷಯ. ಗ್ರಂಥಾಲಯಶಾಸ್ತ್ರವನ್ನು ಕಲಿಸುವ ಏರ್ಪಾಡು ನಮ್ಮ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಬಹು ಮೊದಲೇ, 1935ರಲ್ಲಿ, ಅಲ್ಲಿ ನಡೆಯಿತು. ಇಂದು ಅಲ್ಲಿಯ ಗ್ರಂಥಾಲಯಕ್ಕೆ ಮುಂದೆ ಉಪಕುಲಪತಿಗಳಾಗಿದ್ದ ಡಾ. ವಿ. ಎಸ್. ಕೃಷ್ಣ ಅವರ ಹೆಸರಿದೆ.

ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ, 1914ರಲ್ಲಿ, ಬೆಜವಾಡೆಯಲ್ಲಿ ಆಂಧ್ರದೇಶದ ಗ್ರಂಥಾಲಯ ಸಂಘವು ಸೇರಿತ್ತು. ಅಯ್ಯಂಕಿ ವೆಂಕಟರಮಣಯ್ಯನವರು ಅದರ ಜೀವಾಳವಾಗಿದ್ದರು. ಕೃಷ್ಣಾ ಡೆಲ್ಟಾದಲ್ಲಿ ರಸ್ತೆಗಿಂತ ಕಾಲುವೆಯೇ ಹೆಚ್ಚು. ಆದಕಾರಣ ಅಲ್ಲಿಯ ಉತ್ಸಾಹಿಗಳು 1935ರ ಸುಮಾರಿಗೆ ದೋಣಿಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಕಾಲುವೆಯ ದಡದ ಹಳ್ಳಿಗಳಿಗೆ ಓದಲು ಹಂಚುತ್ತಿದ್ದರು. ಓದುವವನು ಪುಸ್ತಕದ ಬಳಿಗೆ ಬರಲಾರದಿದ್ದರೆ ಪುಸ್ತಕವೇ ಅವನ ಬಳಿಗೆ ಹೋಗಬೇಕು ಎಂಬ ಭಾವನೆ ಲ್ಯಾಪ್‌ಟಾಪು ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ವಿದ್ಯಾರ್ಥಿಯ ಅಣ್ಣನು ತನ್ನ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಓದುವುದೂ ಒಂದರ್ಥದಲ್ಲಿ ಆ ದೋಣಿಯ ಮುಂದಿನ ಪಯಣವೇ.

ಈ ಭಾವನೆಗೆ ಶಾಸ್ತ್ರದ ರೂಪವನ್ನು ಕೊಟ್ಟವರು ಎಸ್. ಆರ್. ರಂಗನಾಥನ್ನರು. ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕವಾದಾಗ ಆ ನಿಶ್ಶಬ್ದವಾದ ಕೋಣೆಯಲ್ಲಿ ಬೇಸರಪಟ್ಟು ತರಗತಿಗೇ ಹಿಂದಿರುಗಲು ಬಯಸಿದ್ದರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದ ಮೇಲೆ ಮನಸ್ಸು ತಿರುಗಿತು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1933ರಲ್ಲಿ ವಿಷಯಗಳನ್ನು ವಿಂಗಡಿಸುವ ಹೊಸ ಪದ್ಧತಿಯೊಂದನ್ನು ಹೊರತಂದರು. ಪುಸ್ತಕವು ಕಾಯುವುದಕ್ಕಲ್ಲ, ಬಳಸುವುದಕ್ಕೆ. ಪ್ರತಿಯೊಂದು ಪುಸ್ತಕಕ್ಕೂ ಎಲ್ಲಿಯೋ ಒಬ್ಬ ಓದುಗನಿರುವನು. ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತ ಹೋಗುವ ವಸ್ತು, ಎಂಬ ಅರ್ಥ ಆ ಸೂತ್ರಗಳಲ್ಲಿದೆ. ಅವರು ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಇಲ್ಲಿ ಗ್ರಂಥಾಲಯಶಾಸ್ತ್ರದ ಉಚ್ಚಸಂಶೋಧನೆಗೆ ಒಂದು ಕೇಂದ್ರವನ್ನು ನೆಲೆಗೊಳಿಸಿದರು. 1972ರಲ್ಲಿ ಇಲ್ಲಿಯೇ ದೇಹವಿಟ್ಟರು. ಬೆಳೆಯುವ ಜೀವಿ ಎಂದಮೇಲೆ ರೂಪ ಬದಲಾಗದೆ ಇರಲಾರದು. ಗ್ರಂಥಾಲಯವು ಕಾಗದದಿಂದ ತೆರೆಯ ಮೇಲಕ್ಕೆ ಏರಿದುದನ್ನು ಅವರು ಆಕ್ಷೇಪಿಸುತ್ತಿರಲಿಲ್ಲವೆಂದೇ ನಮ್ಮ ಎಣಿಕೆ.

ಈಗ ಪ್ರಶ್ನೆಯ ಒಳಹೊಕ್ಕು ನೋಡೋಣ. ಶಾಲೆಯ ಓದಿಗೆ ಪಠ್ಯಪುಸ್ತಕವೊಂದಿದ್ದರೆ ಸಾಕಾಗುತ್ತದೆ. ಉಚ್ಚಶಿಕ್ಷಣದಲ್ಲಿ ಹಾಗಲ್ಲ. ಅಲ್ಲಿ ನಿಯತಕಾಲಿಕೆಗಳಿಗೆ ದೊಡ್ಡ ಸ್ಥಾನ. ಒಬ್ಬ ವಿಜ್ಞಾನಿಯು ಹೊಸದೊಂದನ್ನು ಕಂಡರೆ ಅದನ್ನು ಲೇಖನವಾಗಿ ಬರೆಯುತ್ತಾನೆ. ಆ ವಿಷಯವನ್ನು ಬಲ್ಲ ಇತರರು ಅದನ್ನು ಪರೀಕ್ಷಿಸುತ್ತಾರೆ. ಅನಂತರ ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಪುಸ್ತಕವಾಗಿ ಹೊರಬರುವ ಹೊತ್ತಿಗೆ ವಿಷಯ ಹಳತಾಗಿರುವುದೂ ಉಂಟು. ಹಿಂದೆ ಗ್ರಂಥಾಲಯಗಳು ಇಂತಹ ಪತ್ರಿಕೆಗಳಿಗೆ ವರ್ಷದ ಚಂದಾ ಕಟ್ಟುತ್ತಿದ್ದವು. ಸಂಚಿಕೆಗಳು ಅಂಚೆಯಲ್ಲಿ ಬರುತ್ತಿದ್ದವು. ವರ್ಷ ಮುಗಿದ ಮೇಲೆ ಅವುಗಳನ್ನೆಲ್ಲ ಒಟ್ಟುಗೂಡಿಸಿ, ಬೈಂಡರಿನವನಿಂದ ರಟ್ಟು ಕಟ್ಟಿಸಿ, ಬೆನ್ನಿನ ಮೇಲೆ ವರ್ಷವನ್ನೂ ಸಂಪುಟದ ಸಂಖ್ಯೆಯನ್ನೂ ಬರೆಯಿಸಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಮುಂದಿನ ವರ್ಷ ಹಣದ ಅಭಾವದಿಂದ ಚಂದಾ ನಿಂತುಹೋದರೂ ಹಿಂದಿನ ಸಂಪುಟಗಳು ಎಲ್ಲಿಗೂ ಹೋಗುತ್ತಿರಲಿಲ್ಲ.

ಇಂದಿನ ರೀತಿ ಬೇರೆ. ಪತ್ರಿಕೆಯು ಪ್ರಕಾಶಕರ ಗಣಕಯಂತ್ರದಲ್ಲಿಯೇ, ಎಲ್ಲಿಯೋ ಹೊರದೇಶದಲ್ಲಿ ಇರುತ್ತದೆ. ಗ್ರಂಥಾಲಯವು ಹಣ ಕಟ್ಟಿ ಪಡೆಯುವುದು ಪತ್ರಿಕೆಯನ್ನಲ್ಲ, ಅದರ ಬಾಗಿಲನ್ನು ತೆರೆಯುವ ಅನುಮತಿಯನ್ನು. ಹಣ ನಿಂತ ದಿನ ಬಾಗಿಲೂ ಮುಚ್ಚುತ್ತದೆ. ಹಳೆಯ ವರ್ಷಗಳನ್ನು ಓದುವ ಹಕ್ಕನ್ನು ಕೆಲವು ಕರಾರುಗಳು ಉಳಿಸಿಕೊಡುತ್ತವೆ. ಎಲ್ಲ ಕರಾರುಗಳೂ ಅಲ್ಲ. ನಗರದಲ್ಲಿ ವಾಸಿಸುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸ್ವಂತ ಮನೆಗೂ ಬಾಡಿಗೆಯ ಮನೆಗೂ ಇರುವ ಭೇದವೇ ಇದು. ಬಾಡಿಗೆಯ ಮನೆ ಎಷ್ಟೇ ದೊಡ್ಡದಾಗಿರಲಿ, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು.

ಹಾಗೆಂದು ಹೊಸ ರೀತಿಯನ್ನು ಹಳಿಯುವುದು ನ್ಯಾಯವಲ್ಲ. ರಟ್ಟು ಕಟ್ಟಿದ ಒಂದು ಸಂಪುಟವನ್ನು ಒಂದು ಸಲಕ್ಕೆ ಒಬ್ಬನು ಮಾತ್ರ ಓದಬಲ್ಲನು. ತೆರೆಯ ಮೇಲಿನ ಲೇಖನವನ್ನು ನೂರು ಮಂದಿ ಏಕಕಾಲದಲ್ಲಿ, ನಡುರಾತ್ರಿಯಲ್ಲಿಯೂ ಓದಬಹುದು. ಕಣ್ಣು ಕಾಣದ ವಿದ್ಯಾರ್ಥಿಗೆ ಯಂತ್ರವು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಸಣ್ಣ ಊರಿನ ಕಾಲೇಜಿಗೆ ಹಿಂದೆಂದೂ ಎಟುಕದಿದ್ದ ಪತ್ರಿಕೆಗಳು ಇಂದು ಎಟುಕುತ್ತಿವೆ. ಭಾರತ ಸರ್ಕಾರವು 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾದಾರಿಕೆ' ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಕಾಲೇಜುಗಳು ಬೇರೆ ಬೇರೆಯಾಗಿ ಚಂದಾ ಕಟ್ಟುವ ಬದಲು ದೇಶದ ಪರವಾಗಿ ಸರ್ಕಾರವೇ 30 ಪ್ರಕಾಶಕರೊಡನೆ ಕರಾರು ಮಾಡಿಕೊಳ್ಳುವುದು ಅದರ ಉದ್ದೇಶ. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳು ಗೊತ್ತಾದವು. ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, 1.8 ಕೋಟಿ ಮಂದಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು. ಇದು ಸಾಮಾನ್ಯವಾದ ಕೆಲಸವಲ್ಲ. ಆದರೆ ಮೊದಲ ಹಂತದಲ್ಲಿ ಸೇರಿದ್ದು ಸರ್ಕಾರದ ಆಡಳಿತಕ್ಕೆ ಒಳಪಟ್ಟ ಸಂಸ್ಥೆಗಳು ಮಾತ್ರ. ವಾಲ್ತೇರಿನ ಸರ್ಕಾರಿ ವಿಶ್ವವಿದ್ಯಾನಿಲಯದಂತಹವು ಒಳಗೆ. ಋಷಿಕೊಂಡದ ಖಾಸಗಿ ವಿದ್ಯಾಪೀಠದಂತಹವು ಹೊರಗೆ, ತಮ್ಮ ಚಂದಾವನ್ನು ತಾವೇ ಕಟ್ಟಿಕೊಳ್ಳಬೇಕು. ಒಂದೇ ಊರಿನ ಒಂದೇ ಕಡಲ ದಂಡೆಯ ಇಬ್ಬರು ವಿದ್ಯಾರ್ಥಿಗಳಿಗೆ ತೆರೆಯುವ ಬಾಗಿಲುಗಳು ಬೇರೆ ಬೇರೆ. ಇನ್ನೊಂದು ಮಾತು: ವರ್ಷಕ್ಕೆ ಸರಾಸರಿ 2,000 ಕೋಟಿ ಕೊಟ್ಟರೂ ನಾವು ಪಡೆಯುವುದು ಮುಖ್ಯವಾಗಿ ಬಾಡಿಗೆಯ ಹಕ್ಕೇ.

ಬಾಗಿಲು ಮುಚ್ಚುವುದಕ್ಕೆ ಹಣವೊಂದೇ ಕಾರಣವಾಗಬೇಕಾಗಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಎಂಬ ಚಂಡಮಾರುತವು ವಿಶಾಖಪಟ್ಟಣದ ಮೇಲೆಯೇ ಅಪ್ಪಳಿಸಿತು. ಮರಗಳು ಬುಡಮೇಲಾದವು, ವಿಮಾನನಿಲ್ದಾಣದ ಮೇಲ್ಛಾವಣಿ ಕಿತ್ತುಹೋಯಿತು. ಊರಿನಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲ, ದೂರವಾಣಿಯಿಲ್ಲ. ಇಂತಹ ಸಮಯದಲ್ಲಿ ತೆರೆಯ ಮೇಲಿನ ಗ್ರಂಥಾಲಯ ಮೌನವಾಗುತ್ತದೆ. ಕಿಟಕಿಯ ಬೆಳಕಿನಲ್ಲಿ ಓದಬಹುದಾದ ಪುಸ್ತಕವಾದರೋ ಮೌನವಾಗುವುದಿಲ್ಲ. ಆದರೆ ಪಕ್ಷಪಾತ ಮಾಡಬಾರದು: ಕಿಟಕಿಯ ಗಾಜು ಒಡೆದು ಮಳೆ ಒಳನುಗ್ಗಿದರೆ ಪುಸ್ತಕವು ಸದಾಕಾಲಕ್ಕೂ ನಾಶವಾಗುತ್ತದೆ, ತೆರೆಯ ಮೇಲಿನದು ವಿದ್ಯುತ್ತಿನೊಡನೆ ಹಿಂದಿರುಗಿ ಬರುತ್ತದೆ. ಅದಕ್ಕೂ ಹಿಂದೆ, 1942ರ ಏಪ್ರಿಲ್ 6ರಂದು, ಜಪಾನೀ ವಿಮಾನಗಳು ಇದೇ ವಿಶಾಖಪಟ್ಟಣದ ಮೇಲೆ ಬಾಂಬುಗಳನ್ನು ಹಾಕಿದುವು. ಆಂಧ್ರ ವಿಶ್ವವಿದ್ಯಾನಿಲಯವು ಆ ಯುದ್ಧಕಾಲದಲ್ಲಿ ಗುಂಟೂರಿಗೆ ವಲಸೆ ಹೋಗಬೇಕಾಯಿತು. ಸ್ವಂತ ಪುಸ್ತಕವಾದರೆ ಇಂತಹ ವಿಪತ್ತಿನಲ್ಲಿ ಪೆಟ್ಟಿಗೆಗೆ ತುಂಬಿ ರೈಲಿಗೆ ಹಾಕಬಹುದು. ಅನುಮತಿಯನ್ನು ಪೆಟ್ಟಿಗೆಗೆ ತುಂಬುವುದು ಹೇಗೆ? ಎರಡು ಬಗೆಗೂ ಅದರದರ ಅಪಾಯವಿರುವುದರಿಂದ ಒಂದನ್ನೇ ನಂಬಿ ಇನ್ನೊಂದನ್ನು ಬಿಡುವುದು ವಿವೇಕವಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಎಲ್ಲ ಭಾಷೆಯವರಿಗೂ ಸಮಾನವಾದ ಮಾತಾಗುತ್ತಿತ್ತು. ಕನ್ನಡ ವಿದ್ಯಾರ್ಥಿಗಳಾದ ನೀವು ಗಮನಿಸಬೇಕಾದ ಅಂಶವು ಇನ್ನೊಂದುಂಟು. ಆ 13,000 ಪತ್ರಿಕೆಗಳ ಭಾಷೆ ಬಹುಮಟ್ಟಿಗೆ ಇಂಗ್ಲೀಷು, ಪ್ರಕಾಶಕರು ಬಹುಮಟ್ಟಿಗೆ ಹೊರನಾಡಿನವರು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದ 'ಪ್ರಬುದ್ಧ ಕರ್ನಾಟಕ'ದ ಸಂಪುಟಗಳನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಆದರೆ ಕನ್ನಡದಲ್ಲಿ ಉಚ್ಚವ್ಯಾಸಂಗ ಮಾಡುವವನಿಗೆ ಅವಿಲ್ಲದೆ ನಡೆಯುವುದಿಲ್ಲ. ಇಂಗ್ಲೀಷ್ ಪತ್ರಿಕೆಯ ಒಂದು ಪ್ರತಿ ನಮ್ಮಲ್ಲಿ ಕಳೆದುಹೋದರೆ ಲಂಡನ್ನಿನಲ್ಲಿ ಇನ್ನೊಂದಿರುತ್ತದೆ. ಕನ್ನಡದ ಹಳೆಯ ಪತ್ರಿಕೆಯು ಇಲ್ಲಿಯ ನಾಲ್ಕಾರು ಗ್ರಂಥಾಲಯಗಳಲ್ಲಿ ಹೋಯಿತೆಂದರೆ ಹೋದಂತೆಯೇ. ಕಾಲೇಜುಗಳು ಕಾಗದದ ಕಪಾಟುಗಳನ್ನು ತೆಗೆದು ಕುರ್ಚಿ ಮೇಜುಗಳಿಗೆ ಸ್ಥಳ ಮಾಡುವಾಗ ಮೊದಲು ಹೊರಬೀಳುವವು, ಎರವಲು ಪಡೆಯುವವರು ಕಡಮೆಯಾದ ಇಂತಹ ಸಂಪುಟಗಳೇ.

ಅವನ್ನೂ ತೆರೆಯ ಮೇಲೆ ಏರಿಸಬಾರದೇ ಎಂದು ನೀವು ಕೇಳುವಿರಿ. ಏರಿಸಬೇಕು, ಏರಿಸಿದವರೂ ಉಂಟು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ 'ಭಾರತದ ಡಿಜಿಟಲ್ ಗ್ರಂಥಾಲಯ'ವೆಂಬ ಕಾರ್ಯ ಆರಂಭವಾಯಿತು. ದೇಶದ ನಾನಾ ಕಡೆಗಳಲ್ಲಿ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದರು. ಸಾವಿರಾರು ಕನ್ನಡ ಪುಸ್ತಕಗಳು ಅದರಲ್ಲಿದ್ದವು. ಆದರೆ ಅವುಗಳ ಹೆಸರುಗಳನ್ನು ದಾಖಲು ಮಾಡಿದ್ದು ರೋಮನ್ ಲಿಪಿಯಲ್ಲಿ, ಅದೂ ಅನೇಕ ತಪ್ಪುಗಳೊಡನೆ. ಕನ್ನಡದ ಳಕಾರಕ್ಕೂ ಲಕಾರಕ್ಕೂ, ಹ್ರಸ್ವಕ್ಕೂ ದೀರ್ಘಕ್ಕೂ ಅಲ್ಲಿ ಭೇದವೇ ಉಳಿಯಲಿಲ್ಲ. ಕನ್ನಡದಲ್ಲಿ ಟೈಪು ಮಾಡಿ ಹುಡುಕಿದವನಿಗೆ ಏನೂ ಸಿಗುತ್ತಿರಲಿಲ್ಲ. ಪುಸ್ತಕವಿದೆ, ಆದರೆ ಇಲ್ಲ.

ಇದನ್ನು ಕೇಳಿದಾಗ ನಮಗೆ ನಮ್ಮ ವಿದ್ಯಾರ್ಥಿದೆಸೆಯ ಸಂಗತಿಯೊಂದು ನೆನಪಿಗೆ ಬರುತ್ತದೆ. ಕಾಲೇಜೊಂದರ ಗ್ರಂಥಾಲಯದಲ್ಲಿ ನಾವು ಹಳಗನ್ನಡ ಕಾವ್ಯವೊಂದರ ಹಳೆಯ ಮುದ್ರಣವನ್ನು ಬಯಸಿದ್ದೆವು. ಸೆಳೆಖಾನೆಯಲ್ಲಿ ಅದರ ಕಾರ್ಡಿತ್ತು, ಕಪಾಟಿನಲ್ಲಿ ಪುಸ್ತಕವಿರಲಿಲ್ಲ. ಎಂಟು ದಿನ ಅಲೆದೆವು. ಕಡೆಗೆ ಅಲ್ಲಿಯ ಅಟೆಂಡರ್ ಒಬ್ಬರು, "ಕೆಂಪು ಕ್ಯಾಲಿಕೋ ರಟ್ಟಿನದಲ್ಲವೇ? ಯಾರೋ ಕೃಷಿಶಾಸ್ತ್ರದ ಸಾಲಿನಲ್ಲಿ ಇಟ್ಟುಬಿಟ್ಟಿದ್ದಾರೆ" ಎಂದು ನೇರವಾಗಿ ಹೋಗಿ ತೆಗೆದುಕೊಟ್ಟರು. ಕಾವ್ಯದ ಹೆಸರಿನಲ್ಲಿ 'ವನ' ಎಂಬ ಮಾತಿದ್ದುದೇ ಅದು ಅಲ್ಲಿಗೆ ಸೇರಲು ಕಾರಣವಾಗಿದ್ದಿರಬೇಕು! ಸ್ಥಾನ ತಪ್ಪಿದ ಪುಸ್ತಕವು ಕಳೆದುಹೋದ ಪುಸ್ತಕವೇ, ಅದನ್ನು ನೆನಪಿಟ್ಟುಕೊಂಡವರೊಬ್ಬರು ಇಲ್ಲದಿದ್ದರೆ. ಕಪಾಟಿನಲ್ಲಿ ಸತ್ಯವಾದುದು ಗಣಕಯಂತ್ರದಲ್ಲಿಯೂ ಸತ್ಯ. ಯಂತ್ರವು ಕೋಟಿ ಪುಟಗಳನ್ನು ತುಂಬಿಕೊಳ್ಳಬಲ್ಲುದು. ತುಂಬಿದುದಕ್ಕೆ ಸರಿಯಾದ ಹೆಸರು, ಕರ್ತೃ, ವರ್ಷ, ವಿಷಯಗಳನ್ನು ಬರೆಯುವವರು ಬೇಕು. ಅದು ಗ್ರಂಥಪಾಲಕನ ಕೆಲಸ.

ಆ ಡಿಜಿಟಲ್ ಗ್ರಂಥಾಲಯದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕನ್ನಡದ ಉತ್ಸಾಹಿಗಳ ಗುಂಪೊಂದು 'ಪುಸ್ತಕ ಸಂಚಯ'ವೆಂಬ ಹೆಸರಿನಲ್ಲಿ ಅದರ ಕನ್ನಡ ಪುಸ್ತಕಗಳ ಸೂಚಿಯನ್ನು ಕನ್ನಡ ಲಿಪಿಯಲ್ಲಿಯೇ ಸಿದ್ಧಪಡಿಸಿ, ಯಾರು ಬೇಕಾದರೂ ಹುಡುಕುವಂತೆ ಮಾಡಿತು. ಸಂಬಳಕ್ಕೆ ದುಡಿದವರಲ್ಲ, ಬಿಡುವಿನ ವೇಳೆಯಲ್ಲಿ ಕುಳಿತು ಹೆಸರುಗಳನ್ನು ಒಂದೊಂದಾಗಿ ತಿದ್ದಿದವರು. 2017ರ ಸುಮಾರಿಗೆ ಮೂಲ ಡಿಜಿಟಲ್ ಗ್ರಂಥಾಲಯವೇ ಸಾರ್ವಜನಿಕರಿಗೆ ದೊರೆಯದಂತಾಯಿತು. ಅಷ್ಟರಲ್ಲಿ ಅದರ ಬಹುಪಾಲು ಪುಸ್ತಕಗಳ ಪ್ರತಿಗಳನ್ನು ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ತನ್ನಲ್ಲಿ ಇರಿಸಿಕೊಂಡಿದ್ದುದರಿಂದ ಅವು ಇಂದಿಗೂ ಓದಲು ದೊರೆಯುತ್ತಿವೆ. ನಮ್ಮ ನೆಲದಲ್ಲಿ ಅಚ್ಚಾದ ಕನ್ನಡ ಪುಸ್ತಕವನ್ನು ಓದುವುದಕ್ಕೆ ನಾವು ಸಮುದ್ರದಾಚೆಯ ಮನೆಯ ಕದ ತಟ್ಟಬೇಕಾಗಿ ಬಂದಿರುವುದು ಹೆಮ್ಮೆಯ ವಿಷಯವಲ್ಲ. ಅವರ ಉಪಕಾರವನ್ನು ಮರೆಯುವುದೂ ಸಲ್ಲದು.

ಚಿತ್ರರೂಪದಲ್ಲಿ ಉಳಿದ ಪುಟದಲ್ಲಿ ಪದವನ್ನು ಹುಡುಕಲಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಯಂತ್ರಕ್ಕೆ ಅದು ಅಕ್ಷರವಲ್ಲ, ಬರಿಯ ಕಪ್ಪು ಬಿಳುಪಿನ ಚುಕ್ಕೆಗಳು. ಕನ್ನಡ ಲಿಪಿಗೆ 1991ರಲ್ಲಿಯೇ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತದಲ್ಲಿ ಸ್ಥಾನ ದೊರೆತಿದೆ. ಚಿತ್ರವನ್ನು ನೋಡಿ ಅಕ್ಷರವನ್ನು ಗುರುತಿಸುವ ಯಂತ್ರಗಳೂ ವರ್ಷವರ್ಷಕ್ಕೆ ಉತ್ತಮಗೊಳ್ಳುತ್ತಿವೆ. ಹಾಗಿದ್ದರೂ ಹಳೆಯ ಅಚ್ಚಿನ ಮಾಸಿದ ಒತ್ತಕ್ಷರಗಳ ಮುಂದೆ ಅವು ಇನ್ನೂ ಎಡವುತ್ತವೆ. ತಿದ್ದಲು ಕನ್ನಡ ಬಲ್ಲ ಕಣ್ಣು ಬೇಕು. ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳನ್ನು ಒಂದೆಡೆ ಸೇರಿಸಿರುವ 'ಶೋಧಗಂಗಾ' ಎಂಬ ಭಂಡಾರವು ಎಲ್ಲರಿಗೂ ಉಚಿತವಾಗಿ ತೆರೆದಿದೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅದರಲ್ಲಿವೆ. ಹಿಂದೆ ಇಂತಹ ಪ್ರಬಂಧವು ಮೂರೋ ನಾಲ್ಕೋ ಟೈಪು ಪ್ರತಿಗಳಲ್ಲಿ ಧೂಳು ಹಿಡಿಯುತ್ತಿತ್ತು. ಬಾಡಿಗೆಯದಲ್ಲದ, ನಮ್ಮದೇ ಆದ ತೆರೆಯ ಗ್ರಂಥಾಲಯವೆಂದರೆ ಹೀಗಿರಬೇಕು.

ಬೇಕಾದುದು ಸಿಗುತ್ತದೆ ಎಂದು ಅಣ್ಣನು ಹೇಳಿದ ಮಾತಿಗೆ ಈಗ ಬರೋಣ. ತನಗೆ ಏನು ಬೇಕೆಂಬುದು ತಿಳಿದಿರುವವನಿಗೆ ಆ ಮಾತು ನಿಜ. ತಿಳಿಯದಿರುವುದರ ಗತಿಯೇನು? ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ್ದ ಓಲೆಗರಿಯ ಕಟ್ಟೊಂದು ಅಲ್ಲಿತ್ತು, ಗ್ರಂಥಲಿಪಿಯ ಬರಹ. ಯಾವ ಓದುಗನೂ ಚೀಟಿ ಬರೆದು ಅದನ್ನು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಆ ಗ್ರಂಥವು ಲೋಕದಿಂದ ಕಣ್ಮರೆಯಾಗಿ ಹೋಯಿತೆಂದೇ ವಿದ್ವಾಂಸರು ತಿಳಿದಿದ್ದರು. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಕಂಡುಕೊಂಡರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು; 1915ರಲ್ಲಿ ಇಂಗ್ಲೀಷ್ ಅನುವಾದ ಹೊರಬಂದಿತು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತು ಅದುವರೆಗೆ ಬರೆದಿದ್ದುದನ್ನೆಲ್ಲ ಮತ್ತೆ ಬರೆಯಬೇಕಾಯಿತು. ಯಾರೋ ಒಬ್ಬರು ತಂದುಕೊಟ್ಟರು, ಇನ್ನೊಬ್ಬರು ಎಸೆಯದೆ ಇಟ್ಟುಕೊಂಡರು, ಮತ್ತೊಬ್ಬರು ಕೇಳದಿದ್ದರೂ ಓದಿದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಗರಿಗಳು ಹುಳುಗಳ ಪಾಲಾಗುತ್ತಿದ್ದವು.

ಈಗ ಪ್ರಶ್ನೆ ಕೇಳಿದರೆ ತಾನೇ ವಾಕ್ಯಗಳನ್ನು ಹೆಣೆದು ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳೂ ಬಂದಿವೆ. ನಿಮ್ಮಲ್ಲಿ ಅನೇಕರು ಅವುಗಳಿಂದ ಮನೆಗೆಲಸ ಬರೆಯಿಸಿಕೊಂಡು ಬರುವುದು ನಮಗೆ ತಿಳಿಯದ ಸಂಗತಿಯಲ್ಲ. ಅವು ಬಲು ಜಾಣ ಯಂತ್ರಗಳೇ. ಆದರೆ ಇಲ್ಲದ ಪುಸ್ತಕಕ್ಕೆ ಹೆಸರನ್ನೂ ಕರ್ತೃವನ್ನೂ ಕಲ್ಪಿಸಿ ಗಂಭೀರವಾಗಿ ಹೇಳಿಬಿಡುವುದುಂಟು. ಅಂತಹ ಪುಸ್ತಕಗಳನ್ನು ಕೇಳಿಕೊಂಡು ಗ್ರಂಥಾಲಯಕ್ಕೆ ಬರುವವರೂ ಈಗ ಉಂಟಾಗಿದ್ದಾರೆ. ಆ ಪುಸ್ತಕ ನಿಜವಾಗಿ ಇದೆಯೇ, ಅದರಲ್ಲಿ ಹಾಗೆ ಬರೆದಿದೆಯೇ ಎಂದು ನೋಡುವುದಕ್ಕೆ ಕಡೆಗೆ ಒಂದು ಕಪಾಟು ಬೇಕು. ಆ ಯಂತ್ರವು ಕಲಿತದ್ದಾದರೂ ಯಾರೋ ಅಕ್ಷರರೂಪಕ್ಕೆ ತಂದು ಇಟ್ಟ ಬರಹದಿಂದಲೇ. ಕನ್ನಡದಲ್ಲಿ ನಾವು ಇಡದಿದ್ದುದನ್ನು ಅದು ಎಲ್ಲಿಂದ ತಂದೀತು?

ಆದಕಾರಣ ಋಷಿಕೊಂಡದ ಅಣ್ಣನು ಪುಸ್ತಕವನ್ನು ಎರವಲು ತರದಿದ್ದುದಕ್ಕೆ ನಾವು ಚಿಂತಿಸುವುದಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಓದಿದ ಪತ್ರಿಕೆಗಳನ್ನು ಆರಿಸಿದವರು, ಚಂದಾ ಕಟ್ಟಿಸಿದವರು, ಬಾಗಿಲ ಕೀಲಿಯನ್ನು ಅವನ ಕೈಗಿತ್ತವರು ಗ್ರಂಥಾಲಯದವರೇ ಆಗಿರುತ್ತಾರೆ. ಅವನು ಗ್ರಂಥಾಲಯವನ್ನು ಬಳಸಿಯೇ ಇದ್ದಾನೆ, ತಿಳಿಯದೆ. ಮುಂದಿನ ಕಾಲದಲ್ಲಿ ಬಹಳ ವಿದ್ಯಾರ್ಥಿಗಳು ಹೀಗೆಯೇ ಬಳಸುವರು. ನಾವು ಚಿಂತಿಸಬೇಕಾದುದು, ಕಾಲೇಜು ಬಾಡಿಗೆಯ ಬಾಗಿಲುಗಳಿಗಾಗಿಯೇ ತನ್ನ ಹಣವನ್ನೆಲ್ಲ ಕೊಟ್ಟು, ತಾನೇ ಕೂಡಿಟ್ಟು ಕಾಪಾಡಬೇಕಾದುದಕ್ಕೆ ಒಬ್ಬ ಗುಮಾಸ್ತನನ್ನೂ ಇಡದೆ ಹೋದರೆ ಏನಾಗುವುದೆಂದು. ನೀವು ಕಾಲೇಜು ಸೇರಿದಾಗ ಮೊದಲನೆಯ ವಾರದಲ್ಲಿಯೇ ಗ್ರಂಥಾಲಯಕ್ಕೆ ಹೋಗಿ, ಕನ್ನಡ ಪುಸ್ತಕಗಳು ಎಲ್ಲಿವೆ, ಹಳೆಯ ಪತ್ರಿಕೆಗಳನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿರಿ. ಕೇಳುವವರಿದ್ದಾರೆಂದು ತಿಳಿದ ಕಪಾಟನ್ನು ಯಾರೂ ಸುಲಭವಾಗಿ ತೆಗೆಯುವುದಿಲ್ಲ.

ನಮ್ಮ ಮನೆಯ ದೀಪದ ಕೆಳಗಿನ ಕತ್ತಲೆಯನ್ನೂ ಮ್ಮುಚ್ಚಿಡದೆ ಹೇಳಬೇಕು. ಈ ಲೇಖನಕ್ಕಾಗಿ ನಾವು ನಮ್ಮ ಶಾಲೆಯ ಇದೇ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳನ್ನು ಹುಡುಕಿದೆವು. ವಾಚನಾಲಯದ ಮೂಲೆಯ ಬೀರುವಿನಲ್ಲಿ ಅವುಗಳನ್ನು ಕಟ್ಟಿಟ್ಟಿದೆ. 1958 ಮತ್ತು 1961ರ ಸಂಚಿಕೆಗಳು ಅಲ್ಲಿ ಇಲ್ಲ. 1963ರದಕ್ಕೆ ಗೆದ್ದಲು ಹಿಡಿದು ಕೊನೆಯ ಹನ್ನೆರಡು ಪುಟಗಳು ಹೋಗಿವೆ. ಊರಿನ ಬೇರಾವ ಗ್ರಂಥಾಲಯದಲ್ಲಿಯೂ ಅವು ಇರುವ ಸಂಭವವಿಲ್ಲ. ಪ್ರಶ್ನೆ ಕೇಳಿದ ವಿದ್ಯಾರ್ಥಿಯೂ ಅವನ ಇಬ್ಬರು ಸ್ನೇಹಿತರೂ ಉಳಿದ ಸಂಚಿಕೆಗಳ ಲೇಖನಗಳ ಸೂಚಿಯನ್ನು ಕನ್ನಡದಲ್ಲಿಯೇ ಟೈಪು ಮಾಡುತ್ತಿದ್ದಾರೆ, 1974ರವರೆಗೆ ಮುಗಿದಿದೆ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿಯೋ ಟ್ರಂಕಿನಲ್ಲಿಯೋ ಆ ಮೂರು ವರ್ಷಗಳ ಪ್ರತಿಗಳು ಇದ್ದರೆ ದಯಮಾಡಿ ಶಾಲೆಯ ಕಾರ್ಯಾಲಯಕ್ಕೆ ತಂದುಕೊಡಬೇಕು. ಸ್ಕ್ಯಾನ್ ಮಾಡಿಕೊಂಡು ಎಂಟು ದಿನಗಳೊಳಗೆ ಹಿಂದಿರುಗಿಸುತ್ತೇವೆ.